ಡಬ್ಬಿಯ ಮಾಲ್ಟಿನಿಂದ ನಲವತ್ತು ಪೈಂಟ್ ಬಿಯರ್: ಬ್ರಿಟನ್ನಿನ ಮನೆಯಲ್ಲಿ ಮೊದಲ ಬಾರಿಗೆ ಮಾಡುವವರಿಗೆ

ಹೋಮ್‌ಬ್ರೂ ಕಿಟ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಸಿಗುವ ಡಬ್ಬಿಯೊಳಗೆ ಇರುವುದು ಬಿಯರ್ ಅಲ್ಲ, ಬಿಯರಿನ ಪುಡಿಯೂ ಅಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ನೆನೆಹಾಕಿ ಅದರ ಸಿಹಿಯನ್ನು ಇಳಿಸಿಕೊಂಡು, ಹಾಪ್ಸ್ ಹೂವಿನ ಕಹಿ ಸೇರಿಸಿ, ಕೊನೆಗೆ ನೀರಿನಂಶವನ್ನು ಹಿಂಗಿಸಿ ಕಾಕಂಬಿಯಷ್ಟು ಗಟ್ಟಿ ಮಾಡಿದ ಪಾಕ ಅದು. ರಾಗಿಯನ್ನು ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹುರಿದು ಮಾಲ್ಟ್ ಮಾಡುವುದನ್ನು ನೋಡಿ ಬೆಳೆದವರಿಗೆ ಇದರ ಮೊದಲರ್ಧ ಹೊಸದೇನೂ ಅಲ್ಲ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಸಿದ್ಧವಾಗುತ್ತವೆ, ಬಾರ್ಲಿಯ ಸಿಹಿಯೂ ಅಲ್ಲಿಂದಲೇ ಬರುತ್ತದೆ. ಕಷ್ಟದ ಕೆಲಸವನ್ನೆಲ್ಲ ಕಾರ್ಖಾನೆಯವರು ಮುಗಿಸಿಕೊಟ್ಟಿರುವುದರಿಂದ ನಮಗೆ ಉಳಿಯುವುದು ಒಂದೇ ಕೆಲಸ: ಆ ಪಾಕವನ್ನು ನೀರಿನಲ್ಲಿ ಕರಗಿಸಿ, ಯೀಸ್ಟಿಗೆ ಒಪ್ಪಿಸಿ, ಅದು ತನ್ನ ಕೆಲಸ ಮುಗಿಸುವವರೆಗೆ ಅದನ್ನು ಚೆನ್ನಾಗಿ ನೋಡಿಕೊಳ್ಳುವುದು. ಎರಡು ಮನೆಗಳವರು ಒಂದೇ ಕಿಟ್ ಕೊಂಡು ಒಬ್ಬರು ಒಳ್ಳೆಯ ಬಿಯರನ್ನೂ ಇನ್ನೊಬ್ಬರು ಹುಳಿ ನೀರನ್ನೂ ಪಡೆಯುವುದಕ್ಕೆ ಕಾರಣ ಹೆಚ್ಚಾಗಿ ಈ ಆರೈಕೆಯಲ್ಲಿಯೇ ಇರುತ್ತದೆ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ರಿಟನ್ನಿನಲ್ಲಿ 1880ರಿಂದ ಮನೆಯಲ್ಲಿ ಬಿಯರ್ ಮಾಡುವವರಿಗೂ ಪರವಾನಗಿಯ ನಿಯಮವಿತ್ತು. 1963ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದರು, ಕಿಟ್‌ಗಳ ವ್ಯಾಪಾರ ಬೆಳೆದದ್ದು ಅದರ ನಂತರ. ಈಗ ಅಲ್ಲಿ ವಯಸ್ಕರು ತಮ್ಮ ಮನೆಬಳಕೆಗೆ ಸುಂಕವಿಲ್ಲದೆ ಬಿಯರ್ ಮಾಡಿಕೊಳ್ಳಬಹುದು, ಆದರೆ ಅದನ್ನು ಮಾರುವಂತಿಲ್ಲ, ಬಟ್ಟಿ ಇಳಿಸುವಂತೆಯೂ ಇಲ್ಲ. ಕರ್ನಾಟಕದ ಸ್ಥಿತಿ ಬೇರೆ: 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಈ ಲೇಖನ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಊರಿನಲ್ಲಿರುವವರು ಇದನ್ನು ತಿಳಿವಳಿಕೆಗಾಗಿ ಮಾತ್ರ ಓದಬೇಕೆಂದು ಕೋರುತ್ತೇನೆ.

ಕಳ್ಳಭಟ್ಟಿಯ ದುರಂತಗಳ ಸುದ್ದಿ ಕೇಳಿ ಬೆಳೆದ ನಮ್ಮವರು ಇದು ವಿಷವಾಗಬಹುದೇ ಎಂದು ಕೇಳುವುದು ಸಹಜ. ಆ ಸಾವುಗಳಿಗೆ ಬಹುಪಾಲು ಕಾರಣ ಬೆರೆಸಿದ ಮೆಥನಾಲ್. ಬಾರ್ಲಿಯ ಪಾಕ ಹುದುಗುವಾಗ ಹುಟ್ಟುವ ಮೆಥನಾಲ್ ಲೆಕ್ಕಕ್ಕೆ ಬಾರದಷ್ಟು ಅಲ್ಪ, ಬಟ್ಟಿ ಇಳಿಸದೆ ಅದು ಎಲ್ಲಿಯೂ ಸಾಂದ್ರವಾಗುವುದಿಲ್ಲ. ಮನೆಯ ಬಿಯರಿನಲ್ಲಿ ನಿಜವಾಗಿ ಹೆದರಬೇಕಾದದ್ದು ಸಿಡಿಯುವ ಬಾಟಲಿಗೆ. ಅದರ ಮಾತು ಮುಂದೆ ಬರುತ್ತದೆ.

ಯಾವ ಕಿಟ್ ಕೊಳ್ಳಬೇಕು

ಕಿಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ಡಬ್ಬಿಯ ಕಿಟ್‌ನಲ್ಲಿ ಒಂದೂವರೆಯಿಂದ 1.8 ಕಿಲೋ ಪಾಕವಿರುತ್ತದೆ, ಅದಕ್ಕೆ ನೀವು ಒಂದು ಕಿಲೋ ಸಕ್ಕರೆ ಸೇರಿಸಬೇಕು. ಆಸ್ಟ್ರೇಲಿಯಾದ ಅಡಿಲೇಡಿನಿಂದ ಬರುವ ಕೂಪರ್ಸ್ ಕಂಪನಿಯ 1.7 ಕಿಲೋ ಡಬ್ಬಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡು ಡಬ್ಬಿಯ ಕಿಟ್‌ನಲ್ಲಿ ಒಟ್ಟು ಮೂರು ಕಿಲೋ ಪಾಕವಿದ್ದು, ಸಕ್ಕರೆ ಬೇಕಾಗುವುದಿಲ್ಲ. ಎರಡರಿಂದಲೂ ಸುಮಾರು 23 ಲೀಟರ್, ಅಂದರೆ ನಲವತ್ತು ಪೈಂಟ್ ಬಿಯರ್ ಆಗುತ್ತದೆ.

ಎರಡು ಡಬ್ಬಿಯ ಕಿಟ್‌ಗೆ ಬೆಲೆ ಹೆಚ್ಚೇಕೆ ಎಂಬುದನ್ನು ಅರ್ಥಮಾಡಿಕೊಳ್ಳಲು ಒಂದು ಚಿಕ್ಕ ಲೆಕ್ಕ ಸಾಕು. ದ್ರವದ ಸಾಂದ್ರತೆಯನ್ನು ನೀರಿಗೆ ಹೋಲಿಸಿ ಅಳೆಯುತ್ತಾರೆ, ನೀರು 1.000, ಅದರ ಮೇಲಿನ ಪ್ರತಿ 0.001ಕ್ಕೆ ಒಂದು ಅಂಶ. ಒಂದು ಕಿಲೋ ಸಕ್ಕರೆಯನ್ನು 23 ಲೀಟರಿನಲ್ಲಿ ಕರಗಿಸಿದರೆ ಸಾಂದ್ರತೆ ಹದಿನಾರು ಹದಿನೇಳು ಅಂಶದಷ್ಟು ಏರಿ 1.017ರ ಹತ್ತಿರ ಬರುತ್ತದೆ, 1.7 ಕಿಲೋ ಪಾಕ ಇನ್ನೂ ಇಪ್ಪತ್ತೆರಡು ಅಂಶ ಸೇರಿಸುತ್ತದೆ, ಎರಡೂ ಕೂಡಿ 1.039. ಸಕ್ಕರೆಯಿಲ್ಲದ ಮೂರು ಕಿಲೋ ಪಾಕ ಕೊಡುವುದೂ ಅಷ್ಟೇ. ಹೀಗೆ ಅಳತೆ ಹತ್ತಿರ ಹತ್ತಿರ ಒಂದೇ ಆದರೂ ಮೊದಲನೆಯದರಲ್ಲಿ ಸಿಹಿಯ ಐದರಲ್ಲಿ ಎರಡು ಪಾಲು ಬರಿಯ ಸಕ್ಕರೆ. ಯೀಸ್ಟ್ ಸಕ್ಕರೆಯನ್ನು ಪೂರ್ತಿಯಾಗಿ ತಿಂದು ಆಲ್ಕೋಹಾಲ್ ಮಾಡಿಬಿಡುತ್ತದೆ, ರುಚಿಯನ್ನಾಗಲಿ ಮೈಯನ್ನಾಗಲಿ ಉಳಿಸುವುದಿಲ್ಲ. ಮಾಲ್ಟಿನಲ್ಲಿ ಯೀಸ್ಟ್ ತಿನ್ನಲಾರದ ಅಂಶಗಳು ಉಳಿದು ಬಿಯರಿಗೆ ತುಂಬಿದ ಬಾಯಿರುಚಿ ಕೊಡುತ್ತವೆ. ನನ್ನ ಸಲಹೆ ಇಷ್ಟು: ಒಂದೇ ಡಬ್ಬಿಯ ಕಿಟ್ ಕೊಂಡಿದ್ದರೆ ಸಕ್ಕರೆಯ ಬದಲು ಒಂದು ಕಿಲೋ ಒಣ ಮಾಲ್ಟ್ ಪುಡಿಯನ್ನು (ಇಂಥದ್ದೇ ಪಾಕವನ್ನು ಪೂರ್ತಿ ಒಣಗಿಸಿ ಮಾಡಿದ್ದು), ಕನಿಷ್ಠ ಅರ್ಧರ್ಧವಾಗಿಯಾದರೂ, ಬಳಸಿರಿ. ಇದಕ್ಕೆ ಖರ್ಚಾಗುವ ಕೆಲವು ಪೌಂಡುಗಳಿಗಿಂತ ಉತ್ತಮ ಹೂಡಿಕೆ ಈ ಕೆಲಸದಲ್ಲಿ ಬೇರೊಂದಿಲ್ಲ.

ಮೊದಲ ಬಾರಿಗೆ ಬ್ರಿಟಿಷ್ ಬಿಟ್ಟರ್ (ಪಬ್ಬುಗಳ ಕಹಿರುಚಿಯ ಬಿಯರ್) ಅಥವಾ ಸ್ಟೌಟ್ (ಕಪ್ಪು ಬಿಯರ್) ಆರಿಸಿಕೊಳ್ಳಿ. ಲಾಗರ್ ಎಂಬ ತಿಳಿಬಣ್ಣದ ಬಿಯರನ್ನು ನಿಜವಾಗಿ ಮಾಡಲು ತಂಪಾದ ಜಾಗದಲ್ಲಿ ವಾರಗಟ್ಟಲೆ ಹುದುಗುವ ಅನುಕೂಲ ಬೇಕು. ಕೊಳ್ಳುವಾಗ ಡಬ್ಬಿಯ ತಾರೀಖನ್ನು ನೋಡುವುದನ್ನು ಮರೆಯಬೇಡಿ. ಹಳೆಯ ಪಾಕ ಕಪ್ಪಾಗುತ್ತದೆ, ಮುಚ್ಚಳದ ಕೆಳಗಿರುವ ಯೀಸ್ಟ್ ಪೊಟ್ಟಣವೂ ಅದರೊಂದಿಗೆ ಸೊರಗುತ್ತದೆ. ಅನುಮಾನವಿದ್ದರೆ ಅಂಗಡಿಯಲ್ಲಿಯೇ ಏಲ್ ಯೀಸ್ಟಿನ (ಬಿಟ್ಟರ್, ಸ್ಟೌಟ್ ಜಾತಿಯ ಬಿಯರಿಗೆ ಬಳಸುವ ಯೀಸ್ಟ್) 11 ಗ್ರಾಂ ಪೊಟ್ಟಣವೊಂದನ್ನು ಬೇರೆಯಾಗಿ ಕೊಂಡುಕೊಳ್ಳಿ.

ಇನ್ನು ಪರಿಕರಗಳು: ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನ, 25ರಿಂದ 30 ಲೀಟರಿನ, ಮುಚ್ಚಳವಿರುವ ಎರಡು ಬಕೆಟ್‌ಗಳು, ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ, ನೀರು ತುಂಬಿದ ಸಣ್ಣ ಕವಾಟ), ಉದ್ದ ಹಿಡಿಯ ಪ್ಲಾಸ್ಟಿಕ್ ಸೌಟು, ಥರ್ಮಾಮೀಟರ್, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮತ್ತು ಅದರ ಕೊಳವೆ, ಮೇಲಿನ ಬಕೆಟ್ಟಿನಿಂದ ಕೆಳಕ್ಕೆ ಬಿಯರ್ ಇಳಿಸುವ ಸೈಫನ್ ನಳಿಕೆ, ಅರ್ಧ ಲೀಟರಿನ ಸುಮಾರು 45 ಕಂದು ಬಾಟಲಿಗಳು, ತಗಡಿನ ಮುಚ್ಚಳಗಳು ಮತ್ತು ಅವುಗಳನ್ನು ಒತ್ತುವ ಉಪಕರಣ. ಬೇರೆ ಏನನ್ನಾದರೂ ಬಿಡಬಹುದು, ಹೈಡ್ರೋಮೀಟರ್ ಬಿಡುವಂತಿಲ್ಲ.

ತೊಳೆಯುವುದು ಮತ್ತು ಶುದ್ಧಗೊಳಿಸುವುದು

ಇವು ಎರಡು ಬೇರೆ ಬೇರೆ ಕೆಲಸಗಳು, ಮತ್ತು ಎರಡನ್ನೂ ಇದೇ ಕ್ರಮದಲ್ಲಿ ಮಾಡಬೇಕು. ಕಣ್ಣಿಗೆ ಕಾಣುವ ಕೊಳೆಯನ್ನು ಮೊದಲು ಬಿಸಿನೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೆಗೆಯಬೇಕು. ಕೊಳೆಯ ಪದರದ ಅಡಿಯಲ್ಲಿ ಅವಿತ ಸೂಕ್ಷ್ಮಜೀವಿಗಳನ್ನು ಯಾವ ಔಷಧವೂ ಮುಟ್ಟಲಾರದು. ಒರಟು ಬ್ರಷ್‌ನಿಂದ ಪ್ಲಾಸ್ಟಿಕ್ಕನ್ನು ಉಜ್ಜಿದರೆ ಗೀರು ಬೀಳುತ್ತದೆ, ಆ ಗೀರೇ ಮುಂದೆ ಅವುಗಳ ಮನೆಯಾಗುತ್ತದೆ. ಆನಂತರ ಬಿಯರ್ ತಾಕುವ ಪ್ರತಿಯೊಂದನ್ನೂ, ಅಂದರೆ ಬಕೆಟ್ಟಿನ ಒಳಮೈ, ಮುಚ್ಚಳ, ಸೌಟು, ಥರ್ಮಾಮೀಟರ್, ಡಬ್ಬಿ ತೆರೆಯುವ ಸಾಧನ, ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ, ಇವೆಲ್ಲವನ್ನೂ ಶುದ್ಧಗೊಳಿಸಬೇಕು. ಕ್ಲೋರಿನ್ ಇರುವ ಪುಡಿಯನ್ನು ಬಳಸಿದರೆ ಆಮೇಲೆ ಹಲವು ಬಾರಿ ಜಾಲಾಡಿಸಬೇಕಾಗುತ್ತದೆ. ಜಾಲಾಡಿಸುವ ಅಗತ್ಯವಿಲ್ಲದ ಆಮ್ಲೀಯ ದ್ರವಗಳೂ ಸಿಗುತ್ತವೆ, ಅವು ಒಂದೆರಡು ನಿಮಿಷ ಒದ್ದೆಯಾಗಿ ತಾಕಿದ್ದರೆ ಸಾಕು. ಈ ಎರಡು ಜಾತಿಯ ಔಷಧಗಳನ್ನು ಎಂದಿಗೂ ಬೆರೆಸಬಾರದು, ಬೆರೆಸಿದರೆ ಕ್ಲೋರಿನ್ ಅನಿಲ ಹೊಮ್ಮಿ ಪ್ರಾಣಾಪಾಯವಾಗುತ್ತದೆ.

ಒಂದು ಮಾತನ್ನು ನಮ್ಮ ಅಡುಗೆಮನೆಗೆ ಸಂಬಂಧಿಸಿ ಹೇಳಬೇಕು. ದೋಸೆಹಿಟ್ಟನ್ನು ಹುಳಿ ಬರಿಸುವ ಮತ್ತು ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳು ಬಿಯರಿಗೆ ಶತ್ರುಗಳ ಸಮಾನ. ಹಿಟ್ಟು ರುಬ್ಬಿದ ದಿನ, ಮೊಸರಿಗೆ ಹೆಪ್ಪು ಹಾಕಿದ ಹೊತ್ತಿನಲ್ಲಿ ಅದೇ ಮೇಜಿನ ಮೇಲೆ ಬಿಯರಿನ ಬಕೆಟ್ ತೆರೆಯಬೇಡಿ. ಮರದ ಸೌಟನ್ನೂ ಬಳಸಬೇಡಿ.

ಬೆರೆಸುವ ದಿನ

ಲಂಡನ್ನಿನ ಗಡಸು ನೀರಿನಲ್ಲಿ ಬಿಯರ್ ಚೆನ್ನಾಗಿ ಬರುವುದಿಲ್ಲವೆಂಬ ಮಾತನ್ನು ಕಿಟ್ ಮಾಡುವವರು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ, ಏಕೆಂದರೆ ಬಾರ್ಲಿಯಿಂದ ಸಿಹಿ ಇಳಿಸುವ ಹಂತ ಆಗಲೇ ಮುಗಿದಿದೆ. ಗಮನಿಸಬೇಕಾದದ್ದು ನಲ್ಲಿನೀರಿನ ಕ್ಲೋರಿನ್. ಅದು ಹುದುಗುವಾಗ ಹುಟ್ಟುವ ಫೀನಾಲುಗಳೊಂದಿಗೆ ಸೇರಿದರೆ ಬಿಯರಿಗೆ ಆಸ್ಪತ್ರೆಯ ವಾಸನೆ ಬರುತ್ತದೆ, ಮತ್ತು ಅದನ್ನು ಆಮೇಲೆ ತೆಗೆಯುವ ಉಪಾಯವಿಲ್ಲ. ಗ್ಲಾಸ್ಟರ್‌ಶೈರಿನ ಚಿಪ್ಪಿಂಗ್ ಕ್ಯಾಂಪ್ಡೆನ್ ಊರಿನಿಂದ ಹೆಸರು ಪಡೆದ ಕ್ಯಾಂಪ್ಡೆನ್ ಮಾತ್ರೆಯ (ಸಲ್ಫೈಟ್ ಲವಣದ ಮಾತ್ರೆ) ಅರ್ಧವನ್ನು ಪುಡಿಮಾಡಿ 23 ಲೀಟರ್ ನೀರಿಗೆ ಕದಡಿದರೆ ಕೆಲವೇ ನಿಮಿಷಗಳಲ್ಲಿ ಕ್ಲೋರಿನ್ ಹೋಗುತ್ತದೆ.

ಡಬ್ಬಿಯನ್ನು ಹದಿನೈದು ನಿಮಿಷ ಬಿಸಿನೀರಿನಲ್ಲಿ ನಿಲ್ಲಿಸಿದರೆ ಪಾಕ ಸಡಿಲಾಗುತ್ತದೆ. ಅದನ್ನು ಬಕೆಟ್ಟಿಗೆ ಸುರಿದು, ಡಬ್ಬಿಗೆ ಸ್ವಲ್ಪ ಕುದಿನೀರು ಹಾಕಿ ಅಂಟಿದ್ದನ್ನೂ ತೊಳೆದು ಸೇರಿಸಿ. ತಗಡು ಕೈ ಸುಡುವುದರಿಂದ ದಪ್ಪ ಬಟ್ಟೆ ಹಿಡಿದುಕೊಳ್ಳಿ. ಒಟ್ಟು ಮೂರೂವರೆ ಲೀಟರ್ ಕುದಿನೀರು ಹಾಕಿ, ಸಕ್ಕರೆ ಅಥವಾ ಮಾಲ್ಟ್ ಪುಡಿ ಸೇರಿಸಿ, ತಳದಲ್ಲಿ ಏನೂ ಉಳಿಯದಂತೆ ಕಲಕಿ. ಆನಂತರ ತಣ್ಣೀರು ತುಂಬುವಾಗ ಅವಸರ ಬೇಡ. ಚಳಿಗಾಲದ ನಲ್ಲಿನೀರು ಏಳೆಂಟು ಡಿಗ್ರಿ ಇರುವಾಗ ಇದೇ ಅಳತೆ 21, 22 ಡಿಗ್ರಿಗೆ ಬಂದು ನಿಲ್ಲುತ್ತದೆ. ಬೇಸಗೆಯಲ್ಲಿ ಅದೇ ಅಳತೆ 28ಕ್ಕೂ ಏರಬಹುದು. ಆದ್ದರಿಂದ ಬೇಸಗೆಯಲ್ಲಿ ಕುದಿನೀರನ್ನು ಎರಡು ಲೀಟರಿಗೆ ಇಳಿಸಿ, ಹಿಂದಿನ ದಿನವೇ ಫ್ರಿಜ್ಜಿನಲ್ಲಿಟ್ಟ ನೀರನ್ನು ಬಳಸಿ, ಕೊನೆಯ ನಾಲ್ಕು ಲೀಟರ್ ಹಾಕುವ ಮೊದಲು ಶಾಖವನ್ನು ಅಳೆದು ನೋಡಿ. ತುಂಬಿದ ಬಕೆಟ್ 24 ಕಿಲೋ ಮೀರುತ್ತದೆ, ಹೀಗಾಗಿ ಎಲ್ಲಿ ಎರಡು ವಾರ ಇಡಬೇಕೋ ಅಲ್ಲಿಯೇ ತುಂಬುವುದು ಜಾಣತನ.

ನೀರು ತುಂಬಿದ ಮೇಲೆ ನೊರೆ ಬರುವಂತೆ ಐದು ನಿಮಿಷ ಜೋರಾಗಿ ಕಡೆಯಿರಿ. ಯೀಸ್ಟ್ ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಲು ಈ ಹಂತದಲ್ಲಿ ಆಮ್ಲಜನಕ ಬೇಕು. ಹುದುಗು ಶುರುವಾದ ಮೇಲೆ ಅದೇ ಆಮ್ಲಜನಕ ಬಿಯರಿಗೆ ಒದ್ದೆ ರಟ್ಟಿನ ರುಚಿ ತರುತ್ತದೆ. ಹೈಡ್ರೋಮೀಟರಿನಿಂದ ಸಾಂದ್ರತೆಯನ್ನು ಅಳೆದು ಬರೆದಿಡಿ. ಶಾಖ 18ರಿಂದ 21 ಡಿಗ್ರಿಯ ಒಳಗೆ ಬಂದಾಗ ಮಾತ್ರ ಯೀಸ್ಟನ್ನು ಮೇಲೆ ಉದುರಿಸಿ, ಮುಚ್ಚಳ ಬಿಗಿದು, ಏರ್‌ಲಾಕಿಗೆ ಅರ್ಧ ನೀರು ತುಂಬಿ.

ಹುದುಗುವ ಎರಡು ವಾರ

ಒಂದು ದಿನದೊಳಗೆ, ಕೆಲವೊಮ್ಮೆ ಎರಡು ದಿನಕ್ಕೆ, ಮೇಲೆ ಕೆನೆಬಣ್ಣದ ದಪ್ಪ ನೊರೆ ಏಳುತ್ತದೆ. ಅದರ ಮೇಲೆ ಕಂದು ಕೊಳೆಯಂತೆ ಕಾಣುವುದು ಹಾಪ್ಸ್ ಮತ್ತು ಯೀಸ್ಟಿನ ಕಸ, ಅದರಿಂದ ಕೇಡಿಲ್ಲ. ಈ ದಿನಗಳಲ್ಲಿ ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿಸುತ್ತ ತಾನೇ ಬಿಸಿಯೇರುತ್ತದೆ, ಬಕೆಟ್ಟಿನ ಒಳಗೆ ಕೋಣೆಗಿಂತ ಎರಡು ಮೂರು ಡಿಗ್ರಿ ಹೆಚ್ಚಿರುವುದು ಸಾಮಾನ್ಯ. ಬಹಳಷ್ಟು ಕಿಟ್‌ಗಳ ಚೀಟಿಯಲ್ಲಿ 20ರಿಂದ 25 ಡಿಗ್ರಿಯ ಜಾಗದಲ್ಲಿಡಿ ಎಂದಿರುತ್ತದೆ. ಬೇಗ ಮುಗಿಯಲೆಂದು ಹೇಳುವ ಮಾತು ಅದು, ರುಚಿಗಾಗಿ ಹೇಳಿದ್ದಲ್ಲ. 24 ದಾಟಿದರೆ ಹಣ್ಣಿನ ತೀಕ್ಷ್ಣ ವಾಸನೆ, ಖಾರ ಆಲ್ಕೋಹಾಲಿನ ರುಚಿ ಕಾಣಿಸಿಕೊಳ್ಳುತ್ತದೆ. ಬಕೆಟ್ಟಿನ ಒಳಗೆ 18ರಿಂದ 20 ಇರುವಂತೆ ನೋಡಿಕೊಳ್ಳಿ. ಬೇಸಗೆಯಲ್ಲಿ ದೊಡ್ಡ ಟಬ್ಬಿನ ನೀರಿನಲ್ಲಿ ಬಕೆಟ್ ನಿಲ್ಲಿಸಿ ಮೇಲೆ ಒದ್ದೆ ಟವೆಲ್ ಸುತ್ತಿದರೆ, ಮಣ್ಣಿನ ಹೂಜಿಯ ನೀರು ತಂಪಾಗುವ ರೀತಿಯಲ್ಲಿಯೇ ಇದೂ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಚಳಿಗಾಲದಲ್ಲಿ ರಾತ್ರಿ ಹೀಟಿಂಗ್ ಆರಿದಾಗ ಮನೆ ತಣ್ಣಗಾಗಿ ಯೀಸ್ಟ್ ಮಲಗಿಬಿಡುತ್ತದೆ. ಬ್ರೂ ಬೆಲ್ಟ್ ಎಂದು ಸಿಗುವ ಬಿಸಿಪಟ್ಟಿ ಅದಕ್ಕೆ ಪರಿಹಾರ.

ಏರ್‌ಲಾಕಿನಲ್ಲಿ ಗುಳ್ಳೆ ನಿಂತರೆ ಹುದುಗು ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ಮುಚ್ಚಳ ಸಡಿಲಿದ್ದರೆ ಗುಳ್ಳೆಯೇ ಬಾರದಿರಬಹುದು, ಮುಗಿದ ಮೇಲೂ ಶಾಖ ಏರಿದಾಗ ಗುಳ್ಳೆ ಬರಬಹುದು. ನಂಬಬೇಕಾದದ್ದು ಹೈಡ್ರೋಮೀಟರನ್ನು ಮಾತ್ರ. ಹತ್ತನೆಯ ದಿನದ ನಂತರ ಅಳೆಯಿರಿ, ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ಸಂಖ್ಯೆ ಬದಲಾಗದೆ 1.008ರಿಂದ 1.014ರ ನಡುವೆ ನಿಂತಿದ್ದರೆ ಮುಗಿದಂತೆ. ಆರಂಭದ ಸಂಖ್ಯೆಯಿಂದ ಕೊನೆಯದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾ ಪ್ರಮಾಣ ಸಿಗುತ್ತದೆ: 1.040 ರಿಂದ 1.010ಕ್ಕೆ ಇಳಿದಿದ್ದರೆ ಶೇ. 3.9. ಅಳೆದ ಮಾದರಿಯನ್ನು ಬಕೆಟ್ಟಿಗೆ ಹಿಂದಿರುಗಿಸದೆ ರುಚಿ ನೋಡಿ. ಹಸಿರು ಸೇಬಿನ ವಾಸನೆ, ಬೆಣ್ಣೆಯ ಜಿಡ್ಡು ರುಚಿ ಇದ್ದರೆ ಯೀಸ್ಟಿನ ಕೆಲಸ ಇನ್ನೂ ಬಾಕಿಯಿದೆ ಎಂದರ್ಥ, ಮೂರು ನಾಲ್ಕು ದಿನ ಬಿಟ್ಟರೆ ಅದು ಆ ವಸ್ತುಗಳನ್ನೂ ಅರಗಿಸಿಕೊಳ್ಳುತ್ತದೆ. ಸಂಖ್ಯೆ 1.020ರಲ್ಲಿಯೇ ನಿಂತುಬಿಟ್ಟಿದ್ದರೆ ಬಕೆಟ್ಟನ್ನು 21 ಡಿಗ್ರಿಯ ಜಾಗಕ್ಕೆ ಸರಿಸಿ, ಶುದ್ಧ ಸೌಟಿನಿಂದ ತಳದ ಯೀಸ್ಟನ್ನು ನೊರೆಯೇಳದಂತೆ ಮೆಲ್ಲಗೆ ಎಬ್ಬಿಸಿ.

ಬಾಟಲಿಗೆ ತುಂಬುವಾಗ

ನನ್ನ ಮೊದಲ ಬಿಯರನ್ನು ಚೀಟಿಯ ಮಾತಿನಂತೆ ಆರನೆಯ ದಿನವೇ, ಅಳೆಯದೆ, ಬಾಟಲಿಗೆ ತುಂಬಿದ್ದೆ. ಹನ್ನೆರಡು ದಿನಗಳ ನಂತರ ಒಂದು ರಾತ್ರಿ ಕಪಾಟಿನೊಳಗೆ ಮೂರು ಬಾಟಲಿಗಳು ಒಡೆದವು. ಗಾಜಿನ ಚೂರೊಂದು ಮರದ ಬಾಗಿಲಿಗೆ ನಾಟಿಕೊಂಡಿತ್ತು. ಹಗಲಿನಲ್ಲಿ ಮಗು ಅದೇ ಕಪಾಟಿನ ಎದುರು ಆಡುತ್ತಿದ್ದುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಅದಕ್ಕೆ ಕಾರಣವಾದ ಲೆಕ್ಕವನ್ನು ಪ್ರತಿಯೊಬ್ಬರೂ ತಿಳಿದಿರಬೇಕು.

ಬಿಯರಿನಲ್ಲಿ ಕರಗಿದ ಅನಿಲವನ್ನು ಅದರ ಗಾತ್ರದ ಎಷ್ಟು ಪಟ್ಟು ಎಂದು ಹೇಳುತ್ತಾರೆ. 20 ಡಿಗ್ರಿಯಲ್ಲಿ ಹುದುಗಿ ಮುಗಿದ ಬಿಯರಿನಲ್ಲಿ ಸುಮಾರು 0.86 ಪಟ್ಟು ಅನಿಲ ಉಳಿದಿರುತ್ತದೆ. ಲೀಟರಿಗೆ ಒಂದು ಗ್ರಾಂ ಸಕ್ಕರೆ ಸೇರಿಸಿದರೆ ಅದು ಸುಮಾರು 0.26 ಪಟ್ಟು ಹೆಚ್ಚುತ್ತದೆ. ಹೀಗಾಗಿ 23 ಲೀಟರಿಗೆ 85 ಗ್ರಾಂ ಸಕ್ಕರೆ ಹಾಕಿದರೆ ಪಬ್ಬಿನ ಬಿಟ್ಟರಿನಂತೆ ಮೃದುವಾದ 1.8, 120 ಗ್ರಾಂ ಹಾಕಿದರೆ ಚುರುಕಾದ 2.2 ಪಟ್ಟು ದೊರೆಯುತ್ತದೆ. ಆದರೆ ಹುದುಗು ಮುಗಿಯದೆ ಸಾಂದ್ರತೆ ಇನ್ನೂ ನಾಲ್ಕೇ ಅಂಶ ಇಳಿಯಬೇಕಾಗಿದ್ದರೆ, ಅಂದರೆ 1.010ಕ್ಕೆ ನಿಲ್ಲಬೇಕಾದದ್ದನ್ನು 1.014ರಲ್ಲಿ ತುಂಬಿದರೆ, ಅದರಿಂದಲೇ ಇನ್ನೂ ಎರಡು ಪಟ್ಟು ಅನಿಲ ಹುಟ್ಟಿ ಒಟ್ಟು ಒತ್ತಡ ಇಮ್ಮಡಿಗೂ ಮೀರುತ್ತದೆ. ಸಾಧಾರಣ ಬಾಟಲಿ ಅದನ್ನು ತಡೆಯಲಾರದು. ಬಿಯರ್ ತುಂಬಿ ಬಂದಿದ್ದ ದಪ್ಪ ಗಾಜಿನ ಬಾಟಲಿಗಳನ್ನು ಅಥವಾ ಒತ್ತಡಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಬಾಟಲಿಗಳನ್ನು ಮಾತ್ರ ಬಳಸಿ. ಸ್ಟಿಲ್ ವೈನ್ ಬಾಟಲಿ, ಜ್ಯೂಸಿನ ಬಾಟಲಿ ಸರ್ವಥಾ ಬೇಡ. ಬಣ್ಣ ಕಂದಾಗಿರಲಿ, ಬಿಳಿಗಾಜು ಮತ್ತು ಹಸಿರುಗಾಜಿನಲ್ಲಿ ಬೆಳಕು ತಾಕಿ ಹಾಪ್ಸ್ ಕೆಟ್ಟ ವಾಸನೆ ಬಿಡುತ್ತದೆ.

ಸಕ್ಕರೆಯನ್ನು ಬಾಟಲಿ ಬಾಟಲಿಗೂ ಚಮಚದಲ್ಲಿ ಹಾಕುವುದಕ್ಕಿಂತ ಒಟ್ಟಿಗೆ ಬೆರೆಸುವ ಕ್ರಮವೇ ಸಮನಾಗಿ ಬರುತ್ತದೆ. ತೂಗಿದ ಸಕ್ಕರೆಯನ್ನು ಕಾಲು ಲೀಟರ್ ನೀರಿನಲ್ಲಿ ಕುದಿಸಿ ಆರಿಸಿ, ಶುದ್ಧಗೊಳಿಸಿದ ಎರಡನೆಯ ಬಕೆಟ್ಟಿನ ತಳಕ್ಕೆ ಸುರಿಯಿರಿ. ಮೇಜಿನ ಮೇಲಿರುವ ಮೊದಲ ಬಕೆಟ್ಟಿನಿಂದ ಸೈಫನ್ನಿನಲ್ಲಿ ಬಿಯರನ್ನು ಇಳಿಸುವಾಗ ನಳಿಕೆಯ ತುದಿ ದ್ರವದೊಳಗೆ ಮುಳುಗಿ ಸುಳಿಯಂತೆ ತಿರುಗುತ್ತಿರಲಿ. ಬಾಯಿಯಿಂದ ಎಳೆದು ಹರಿವು ಶುರುಮಾಡಬೇಡಿ, ತಳದ ಗಷ್ಟನ್ನೂ ಎಳೆಯಬೇಡಿ. ಶುದ್ಧಗೊಳಿಸಿದ ಬಾಟಲಿಗಳಿಗೆ ಕುತ್ತಿಗೆಯಲ್ಲಿ ಎರಡು ಮೂರು ಸೆಂಟಿಮೀಟರ್ ಬಿಟ್ಟು ತುಂಬಿ ಮುಚ್ಚಳ ಒತ್ತಿ. ಒಂದನ್ನಾದರೂ ಪ್ಲಾಸ್ಟಿಕ್ ಬಾಟಲಿಗೆ ತುಂಬಿಡುವುದು ಉಪಯುಕ್ತ, ಅದನ್ನು ಹಿಸುಕಿ ನೋಡಿದರೆ ಉಳಿದವುಗಳೊಳಗಿನ ಒತ್ತಡದ ಅಂದಾಜು ಸಿಗುತ್ತದೆ. ಎಲ್ಲವನ್ನೂ ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯಲ್ಲಿ, 18ರಿಂದ 20 ಡಿಗ್ರಿಯ ಕತ್ತಲೆಯ ಜಾಗದಲ್ಲಿ, ಎರಡು ವಾರ ಇಡಿ. ಆಮೇಲೆ ಗ್ಯಾರೇಜಿನಂಥ ತಂಪು ಜಾಗದಲ್ಲಿ ಇನ್ನೆರಡು ವಾರ. ಸ್ಟೌಟ್ ಆಗಿದ್ದರೆ ಎರಡು ತಿಂಗಳಾದರೂ ಕಾಯುವುದು ಸಾರ್ಥಕ.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ? ಬಿಯರಿನ ಮೇಲೆ ಬಿಳಿಯ ಸುಕ್ಕುಗಟ್ಟಿದ ಪೊರೆ, ಬಾಟಲಿಯ ಕುತ್ತಿಗೆಯೊಳಗೆ ಉಂಗುರದಂಥ ಕಲೆ, ವಿನೆಗರಿನ ಹುಳಿ, ತೆರೆದ ಕೂಡಲೇ ಕಾರಂಜಿಯಂತೆ ಉಕ್ಕುವುದು, ಇವು ಬೇರೆ ಜೀವಿಗಳು ಸೇರಿದ ಲಕ್ಷಣಗಳು. ಒಂದು ಬಾಟಲಿ ಹೀಗಾಗಿದ್ದರೆ ಅದು ಆ ಬಾಟಲಿಯ ಕೊಳೆ; ಎಲ್ಲವೂ ಹೀಗಾಗಿದ್ದರೆ ಬಕೆಟ್ ಅಥವಾ ನಳಿಕೆಯಲ್ಲಿ ದೋಷವಿದೆ. ನಳಿಕೆ ಅಗ್ಗದ ವಸ್ತು, ಅದನ್ನು ಬದಲಾಯಿಸಿಬಿಡಿ. ಬಾಟಲಿಗಳು ಅತಿಯಾಗಿ ಉಕ್ಕುತ್ತಿದ್ದರೆ ಉಳಿದವನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿ, ಕನ್ನಡಕ ಮತ್ತು ದಪ್ಪ ಕೈಗವಸು ಧರಿಸಿ ಒಂದೊಂದಾಗಿ ತೆರೆದು ಖಾಲಿ ಮಾಡಬೇಕು.

ಕುಡಿಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದರೆ ತಳದಲ್ಲಿ ಯೀಸ್ಟಿನ ತೆಳು ಪದರ ಕೂರುತ್ತದೆ. ಗ್ಲಾಸನ್ನು ಓರೆಯಾಗಿ ಹಿಡಿದು ನಡುವೆ ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿಯಿರಿ, ಕೊನೆಯ ಒಂದು ಸೆಂಟಿಮೀಟರನ್ನು ಬಾಟಲಿಯಲ್ಲಿಯೇ ಬಿಡಿ. ಆ ಪದರ ಒಣಗಿ ಗಾಜಿಗೆ ಅಂಟುವ ಮೊದಲೇ, ಗ್ಲಾಸಿನ ನೊರೆ ಇಳಿಯುವಷ್ಟರಲ್ಲಿ, ಬಾಟಲಿಗೆ ಬಿಸಿನೀರು ಹಾಕಿ ಮೂರು ಬಾರಿ ಕುಲುಕಿ ಬಗ್ಗಿಸಿಟ್ಟರೆ ಮುಂದಿನ ಸಲ ತುಂಬುವ ದಿನ ಅದನ್ನು ಉಜ್ಜುವ ಕೆಲಸವಿರುವುದಿಲ್ಲ, ಶುದ್ಧಗೊಳಿಸಿದರೆ ಸಾಕು.